ಕಿಟ್‌ನಿಂದ ಸ್ಪೋರ್ಟ್ಸ್ ಕಾರು: ಮನೆಯ ಗ್ಯಾರೇಜಿನಲ್ಲಿ ಪ್ರತಿಕೃತಿ ಕಟ್ಟುವ ಬಗೆ

ಬಿಡಿ ಭಾಗಗಳಾಗಿ ಕೊಂಡು ತಾವೇ ಜೋಡಿಸುವ ಕಿಟ್ ಕಾರನ್ನು ಮನೆಯಲ್ಲಿ ಕಟ್ಟಲು ಹೊರಟವರು ಮೊದಲಿಗೇ ಮನಸ್ಸಿಗೆ ತಂದುಕೊಳ್ಳಬೇಕಾದ ವಿಷಯವೆಂದರೆ ಒಂದೇ ಕಾರನ್ನು ಎರಡು ಸಲ ಕಟ್ಟಬೇಕಾಗುತ್ತದೆ ಎಂಬುದು. ಮೊದಲನೆಯ ಸಲ ಪ್ರತಿಯೊಂದು ಭಾಗವನ್ನೂ ಅದರ ಜಾಗದಲ್ಲಿ ಕೂರಿಸಿ, ಅಳೆದು, ಗುರುತು ಹಾಕಿ, ತೂತು ಕೊರೆದು, ಪಕ್ಕದ ಭಾಗಕ್ಕೆ ತಾಗುತ್ತದೆಯೇ ಎಂದು ನೋಡಿ ಮತ್ತೆ ಬಿಚ್ಚಿಡಬೇಕು. ಎರಡನೆಯ ಸಲ ಬಣ್ಣ, ಅಂಟು, ಗ್ರೀಸು, ಹೊಸ ನಟ್ಟುಗಳೊಂದಿಗೆ ಕಡೆಯದಾಗಿ ಜೋಡಿಸಬೇಕು. ಮೊದಲ ಸಲವೇ ಎಲ್ಲವನ್ನೂ ಬಿಗಿದುಬಿಟ್ಟವರು ಮುಂದೆ ಒಂದು ಪೈಪು ಹಾಯಿಸುವುದಕ್ಕಾಗಿ ಹತ್ತಾರು ರಿವೆಟ್ಟುಗಳನ್ನು ಕೊರೆದು ತೆಗೆಯಬೇಕಾಗುತ್ತದೆ, ಅಲ್ಲಿಗೆ ಕೆಲಸದ ಮೇಲಿನ ಉತ್ಸಾಹವೂ ಇಳಿಯುತ್ತದೆ. ಅರ್ಧಕ್ಕೆ ನಿಂತ ಕಿಟ್‌ಗಳು ಮಾರಾಟಕ್ಕೆ ಬರಲು ಹಣದ ಕೊರತೆ ಎಷ್ಟು ಕಾರಣವೋ ಈ ಅವಸರವೂ ಅಷ್ಟೇ ಕಾರಣವೆಂದು ನಾನು ನಂಬುತ್ತೇನೆ.

ಹಳೆಯ ಹೆಸರಾಂತ ಕಾರುಗಳ ರೂಪದಲ್ಲಿ ಕಟ್ಟುವ ಪ್ರತಿಕೃತಿಗಳಲ್ಲಿ ಎರಡು ಮಾದರಿಗಳು ಬಹಳ ಪ್ರಸಿದ್ಧ. ಬ್ರಿಟನ್ನಿನ ಎಸಿ ಕಂಪನಿಯ ಹಗುರವಾದ ಏಸ್ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡ್‌ನ ವಿ8 ಎಂಜಿನ್ ಇಡಿಸಿದಾಗ ಹುಟ್ಟಿದ್ದು ಕೋಬ್ರಾ. ಆರಂಭದಲ್ಲಿ 260 ಘನ ಇಂಚಿನ ಎಂಜಿನ್, ಬಳಿಕ 289, ಕೊನೆಗೆ 427 ಘನ ಇಂಚಿನ ಎಂಜಿನ್ ಬಂದವು. ಒಟ್ಟು ತಯಾರಾದದ್ದು ಸುಮಾರು ಒಂದು ಸಾವಿರ ಕಾರುಗಳಷ್ಟೇ ಆದ್ದರಿಂದ ಮೂಲ ಕಾರು ಸಾಮಾನ್ಯರ ಕೈಗೆ ಎಟುಕುವ ಮಾತಲ್ಲ. ಅಗಲವಾದ ಮಡ್‌ಗಾರ್ಡುಗಳ 427ರ ರೂಪವನ್ನೇ ಇಂದು ಹೆಚ್ಚಿನ ಕಿಟ್‌ಗಳು ಅನುಸರಿಸುತ್ತವೆ. ಇನ್ನೊಂದು, ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್. ಅದು ಮೊದಲಿನಿಂದಲೂ ಬಿಡಿ ಭಾಗಗಳಾಗಿಯೂ ಮಾರಾಟವಾಗುತ್ತಿತ್ತು. ಪೂರ್ತಿ ಸಿದ್ಧವಾದ ಕಾರಿಗೆ ಬ್ರಿಟನ್ನಿನಲ್ಲಿ ಆಗ ಇದ್ದ ಖರೀದಿ ತೆರಿಗೆ ಬಿಡಿ ಭಾಗಗಳಿಗೆ ಬೀಳುತ್ತಿರಲಿಲ್ಲ. 1973ರಲ್ಲಿ ಆ ತೆರಿಗೆಯ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ ಬಂದು ಈ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಸಿಕ್ಕಿತು.

ಮೊದಲ ಸಲ ಕಟ್ಟುವವರಿಗೆ ಸೆವೆನ್ ಮಾದರಿಯೇ ಸುಲಭವೆಂದು ನನ್ನ ಅನಿಸಿಕೆ. ಅದರ ತೂಕ 500ರಿಂದ 600 ಕಿಲೋ, ಬಾಗಿಲುಗಳಿಲ್ಲ, ಹೊರಮೈಯಲ್ಲಿ ಬಹುಪಾಲು ಚಪ್ಪಟೆಯಾದ ಅಲ್ಯೂಮಿನಿಯಂ ತಗಡು. ಕೋಬ್ರಾ ಮಾದರಿಯಲ್ಲಿ ಉಕ್ಕಿನ ಕೊಳವೆಗಳ ಚಾಸಿಯ, ಅಂದರೆ ಅಡಿಚೌಕಟ್ಟಿನ ಮೇಲೆ ಫೈಬರ್‌ಗ್ಲಾಸಿನ ದೊಡ್ಡ ಬಾಡಿ ಕೂರುತ್ತದೆ, ಒಟ್ಟು ತೂಕ ಒಂದು ಟನ್ನಿನ ಆಸುಪಾಸಿನಲ್ಲಿರುತ್ತದೆ, ಮತ್ತು ಯಾಂತ್ರಿಕ ಕೆಲಸವೆಲ್ಲ ಮುಗಿದ ಮೇಲೆ ಬಾಡಿ ಸರಿಪಡಿಸಿ ಬಣ್ಣ ಹೊಡೆಸುವ ಕೆಲಸವೇ ಇನ್ನೊಂದು ಅಷ್ಟು ಇರುತ್ತದೆ. ಆದರೂ ಮನಸ್ಸು ಯಾವ ಕಾರಿನ ಮೇಲಿದೆಯೋ ಅದನ್ನೇ ಕಟ್ಟುವುದು ಒಳ್ಳೆಯದು, ಏಕೆಂದರೆ ಕೆಲವು ನೂರು ಗಂಟೆಗಳ ಕೆಲಸವನ್ನು ಮುಗಿಸುವಷ್ಟು ಹಂಬಲ ಎರಡನೆಯ ಆಯ್ಕೆಯ ಕಾರಿನ ಮೇಲೆ ಹುಟ್ಟುವುದು ಕಷ್ಟ. ಮುಂದಿನ ವಿವರಗಳನ್ನು ಕೋಬ್ರಾ ಮಾದರಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದೇನೆ. ಕ್ರಮ ಮಾತ್ರ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ ಇರುವ ಯಾವ ಕಿಟ್‌ಗೂ ಹೊಂದುತ್ತದೆ.

ಹಣ ಕೊಡುವ ಮೊದಲು

ಕಾನೂನನ್ನು ಮೊದಲು ತಿಳಿದುಕೊಳ್ಳಬೇಕು. ಮನೆಯಲ್ಲಿ ಕಟ್ಟಿದ ವಾಹನವನ್ನು ರಸ್ತೆಗೆ ನೋಂದಾಯಿಸಲು ಕೆಲವು ದೇಶಗಳಲ್ಲಿ ಸ್ಪಷ್ಟವಾದ ದಾರಿ ಇದೆ, ಕೆಲವು ಕಡೆ ಅದು ಬಹಳ ಕಿರಿದು, ಇನ್ನು ಕೆಲವು ಕಡೆ ಇಲ್ಲವೇ ಇಲ್ಲವೆನ್ನಬಹುದು. ಬ್ರಿಟನ್ನಿನಲ್ಲಿ ಇಂಥ ಕಾರು, ಒಂದೊಂದು ವಾಹನವನ್ನೂ ಪ್ರತ್ಯೇಕವಾಗಿ ನೋಡುವ ಐವಿಎ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿ ಬ್ರೇಕು, ದೀಪ, ಹೊಗೆ ಮಾತ್ರವಲ್ಲ, ಜನರಿಗೆ ತಾಗಬಹುದಾದ ಹೊರಗಿನ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿವೆಯೇ ಎಂಬುದನ್ನೂ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಎಂಬ ಕಾನೂನಿನ ಪ್ರಕಾರ ಹೊಗೆ ನಿಯಮದಲ್ಲಿ ವಿಶೇಷ ರಿಯಾಯಿತಿ ಸಿಗುವುದು ವರ್ಷಕ್ಕೆ 500 ವಾಹನಗಳಿಗೆ ಮಾತ್ರ. ನಿಮ್ಮ ಊರಿನ ನಿಯಮ ಏನೇ ಇರಲಿ, ಅದನ್ನು ನೋಂದಣಿ ಕಚೇರಿಯಿಂದಲೇ ಲಿಖಿತವಾಗಿ ಪಡೆಯಬೇಕು. ಕಿಟ್ ಮಾರುವವರ ಬಾಯಿಮಾತನ್ನು ನೆಚ್ಚಬಾರದು. ರಸ್ತೆಗೆ ಒಪ್ಪಿಗೆ ಸಿಗದ ಕಡೆ ಕಾರು ಖಾಸಗಿ ಜಾಗದಲ್ಲೋ ರೇಸ್ ಟ್ರ್ಯಾಕಿನಲ್ಲೋ ಮಾತ್ರ ಓಡುತ್ತದೆ, ಮತ್ತು ಅಷ್ಟಕ್ಕೇ ತೃಪ್ತಿಯಿದೆಯೇ ಎಂಬುದನ್ನು ಪೆಟ್ಟಿಗೆಗಳು ಬರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಅಂದಿನಿಂದಲೇ ಒಂದು ಕಡತ ತೆರೆಯಿರಿ. ಕಿಟ್‌ನ ಮೂಲ ಪತ್ರ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಹಳೆಯ ಕಾರಿನಿಂದ ಭಾಗಗಳನ್ನು ತೆಗೆದಿದ್ದರೆ ಆ ಕಾರಿನ ದಾಖಲೆ, ಸಣ್ಣ ಬೋಲ್ಟಿನವರೆಗಿನ ಪ್ರತಿಯೊಂದು ರಸೀದಿ, ಪ್ರತಿಯೊಂದು ಹಂತದ ತಾರೀಖು ಸಹಿತ ಫೋಟೋ, ಇಷ್ಟೂ ಅದರಲ್ಲಿರಬೇಕು. ಕದ್ದ ಭಾಗಗಳಿಂದ ಕಟ್ಟಿದ ಕಾರಲ್ಲವೆಂದು ತೋರಿಸುವ ಹೊಣೆ ಕಟ್ಟಿದವರದೇ ಆಗಿರುತ್ತದೆ.

ಕಿಟ್‌ಗಳಲ್ಲಿ ಕೆಲವು ಒಂದು ನಿರ್ದಿಷ್ಟ ಹಳೆಯ ಕಾರಿನ ಎಂಜಿನ್, ಆಕ್ಸಲ್, ಬ್ರೇಕು, ಸ್ಟೀರಿಂಗ್‌ಗಳನ್ನು ಬಿಚ್ಚಿ ಬಳಸುವಂತೆ ರೂಪಿಸಿದವು. ಕೆಲವು ಎಂಜಿನ್, ಗೇರ್‌ಬಾಕ್ಸ್ ಬಿಟ್ಟು ಉಳಿದೆಲ್ಲವನ್ನೂ ಹೊಸದಾಗಿ ಕೊಡುವ ಪೂರ್ಣ ಕಿಟ್‌ಗಳು. ಇನ್ನು ಕೆಲವು ಚಕ್ರ, ಸಸ್ಪೆನ್ಷನ್ ಕೂಡ ಜೋಡಿಸಿ, ಹೊರಮೈಗೆ ಬಣ್ಣ ಹೊಡೆದೇ ಬರುತ್ತವೆ. ಹಳೆಯ ಕಾರಿನ ದಾರಿ ಅಗ್ಗವೆಂದು ಕಾಣುತ್ತದೆ. ಆದರೆ ತುಕ್ಕು ಹಿಡಿದ ಬೋಲ್ಟು ಬಿಡಿಸುವುದು, ತೊಳೆಯುವುದು, ಬೇರಿಂಗ್, ಬುಷ್, ಸೀಲುಗಳನ್ನು ಬದಲಿಸುವುದು ಇವನ್ನೆಲ್ಲ ಲೆಕ್ಕ ಹಿಡಿದರೆ ವ್ಯತ್ಯಾಸ ಬಹಳ ಉಳಿಯುವುದಿಲ್ಲ. ಯಾವುದನ್ನು ಕೊಂಡರೂ ಕಿಟ್‌ನಲ್ಲಿ ಏನಿಲ್ಲ ಎಂಬ ಪಟ್ಟಿಯನ್ನು ಮೊದಲು ಕೇಳಬೇಕು. ಎಂಜಿನ್, ಗೇರ್‌ಬಾಕ್ಸ್, ಕ್ಲಚ್, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಚಕ್ರ, ಟೈರು, ಬ್ಯಾಟರಿ, ಎಣ್ಣೆಗಳು, ಬಣ್ಣ ಇವು ಹೊರಗಿದ್ದರೆ ಕಿಟ್‌ನ ಬೆಲೆ ಇಡೀ ಖರ್ಚಿನ ಒಂದು ಪಾಲು ಮಾತ್ರ, ಮತ್ತು ಒಳ್ಳೆಯ ಬಣ್ಣದ ಕೆಲಸಕ್ಕೆ ತಗಲುವ ಹಣ ಹಲವರನ್ನು ಕೊನೆಯಲ್ಲಿ ದಂಗುಬಡಿಸುತ್ತದೆ. ಅದೇ ಕಿಟ್‌ನಿಂದ ಕಟ್ಟಿ ಮುಗಿಸಿದ ಕಾರಿನಲ್ಲಿ ಒಮ್ಮೆ ಕುಳಿತು ನೋಡಿ. ಈ ಕಾರುಗಳಲ್ಲಿ ಪೆಡಲುಗಳ ಜಾಗ ಬಹಳ ಇಕ್ಕಟ್ಟು. ಎತ್ತರದವರ ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತದೆಯೇ, ಅಗಲ ಪಾದದ ಶೂ ಬ್ರೇಕು ಮತ್ತು ಆಕ್ಸಿಲರೇಟರನ್ನು ಒಟ್ಟಿಗೇ ಒತ್ತುತ್ತದೆಯೇ ಎಂಬುದು ಚಿತ್ರ ನೋಡಿ ತಿಳಿಯುವ ಸಂಗತಿಯಲ್ಲ.

ಜಾಗ, ಉಪಕರಣ, ಎಣಿಕೆ

ಒಂದು ಕಾರಿನ ಗ್ಯಾರೇಜಿನಲ್ಲಿ ಕೆಲಸ ಸಾಗುತ್ತದೆ, ಆದರೆ ಬಾಡಿಯನ್ನು ಬೇರೆಯಾಗಿ ಇಡಲು ಜಾಗ ಬೇಕು. ಮರದಲ್ಲಿ ಚಕ್ರಗಳಿರುವ ಚೌಕಟ್ಟು ಮಾಡಿ ಅದರ ಮೇಲೆ ಬಾಡಿಯನ್ನು ಕೂರಿಸಿದರೆ ಚಾಸಿಯನ್ನು ಬಾಡಿಯ ಕೆಳಗೇ ತಳ್ಳಿ ಇಡಬಹುದು. ಫೈಬರ್‌ಗ್ಲಾಸ್ ಬಾಡಿಯನ್ನು ಸೊಟ್ಟಗೆ ಆನಿಸಿ ತಿಂಗಳುಗಟ್ಟಲೆ ಬಿಟ್ಟರೆ ಆಕಾರ ಕೆಡುತ್ತದೆ. ಚಾಸಿಯನ್ನು ಗಟ್ಟಿಯಾದ ನಾಲ್ಕು ಸ್ಟ್ಯಾಂಡುಗಳ ಮೇಲೆ, ಸೊಂಟ ಬಗ್ಗಿಸದೆ ಕೆಲಸ ಮಾಡುವಷ್ಟು ಎತ್ತರದಲ್ಲಿ, ನೀರುಮಟ್ಟ ಹಿಡಿದು ಸಮ ಮಾಡಿ ನಿಲ್ಲಿಸಿ. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು.

ಸ್ಪ್ಯಾನರು, ಸಾಕೆಟ್ಟು, ಡ್ರಿಲ್ ಎಲ್ಲರಲ್ಲೂ ಇರುತ್ತವೆ. ಅವುಗಳ ಜೊತೆ ಬೋಲ್ಟು ಬಿಗಿಯುವ ತಿರುಚುಬಲವನ್ನು (ಟಾರ್ಕ್) ತೋರಿಸುವ, ನಂಬಬಹುದಾದ ಟಾರ್ಕ್ ರೆಂಚು, ಗಾಳಿಯಿಂದ ನಡೆಯುವ ರಿವೆಟ್ ಗನ್, ಬ್ರೇಕ್ ಪೈಪಿನ ತುದಿ ಅರಳಿಸುವ ಸಾಧನ, ತಂತಿಯ ತುದಿಗೆ ಟರ್ಮಿನಲ್ ಒತ್ತುವ ಒಳ್ಳೆಯ ಇಕ್ಕಳ, ಮಲ್ಟಿಮೀಟರ್ ಇಷ್ಟನ್ನು ಕೊಳ್ಳಿ. ಎಂಜಿನ್ ಎತ್ತುವ ಹಾಯಿಸ್ಟನ್ನು ಬಾಡಿಗೆಗೆ ತಂದರೆ ಸಾಕು.

ಪೆಟ್ಟಿಗೆಗಳು ಬಂದ ದಿನವೇ ಕಟ್ಟಲು ಕೂರಬಾರದು. ಪಟ್ಟಿ ಹಿಡಿದು ಪ್ರತಿಯೊಂದು ಭಾಗವನ್ನೂ ಎಣಿಸಿ, ಬಾರದ ಭಾಗಗಳನ್ನು ಗುರುತಿಸಿ ಕಂಪನಿಗೆ ಬರೆದು ತಿಳಿಸಬೇಕು. ಹಲವು ಕಂಪನಿಗಳು ಹೀಗೆ ತಿಳಿಸಲು ಗಡುವು ಇಟ್ಟಿರುತ್ತವೆ. ಪೆಟ್ಟಿಗೆಗೆ ಸಂಖ್ಯೆ ಬರೆದು, ಯಾವ ಭಾಗ ಯಾವ ಪೆಟ್ಟಿಗೆಯಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. ಬೋಲ್ಟುಗಳ ಚೀಲಗಳನ್ನು ಒಂದೇ ಡಬ್ಬಿಗೆ ಸುರಿಯುವುದು ಮಾತ್ರ ಬೇಡ, ಏಕೆಂದರೆ ಒಂದೇ ಅಳತೆಯ ಎರಡು ಬೋಲ್ಟುಗಳು ಬೇರೆ ಬೇರೆ ಬಲದವಾಗಿರಬಹುದು. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದರ ಎಳೆತದ ಬಲ 800 ಮೆಗಾಪಾಸ್ಕಲ್, 10.9 ಎಂದಿದ್ದರೆ 1000. ಸಸ್ಪೆನ್ಷನ್, ಸ್ಟೀರಿಂಗ್, ಸೀಟುಬೆಲ್ಟಿನ ಜಾಗಗಳಲ್ಲಿ ಗುರುತಿಲ್ಲದ ಬೋಲ್ಟನ್ನು ಹಾಕಬಾರದು. ಅದು ಎಷ್ಟೇ ಹೊಳೆಯುತ್ತಿದ್ದರೂ ಸರಿ.

ತಗಡುಗಳು

ಕಾಲಿಡುವ ಜಾಗ, ಎಂಜಿನ್ನಿನ ಹಿಂದಿನ ಗೋಡೆ, ಡಿಕ್ಕಿಯ ತಳ ಇವೆಲ್ಲ ಅಲ್ಯೂಮಿನಿಯಂ ತಗಡುಗಳು. ಹಲವು ಕಿಟ್‌ಗಳು ಚಾಸಿಯ ಮೇಲೆ ಇವನ್ನು ತಾತ್ಕಾಲಿಕವಾಗಿ ಸಿಕ್ಕಿಸಿಯೇ ಕಳಿಸುತ್ತವೆ. ತೆಗೆಯುವ ಮೊದಲು ಫೋಟೋ ತೆಗೆದು, ಯಾವ ತಗಡಿನ ಮೇಲೆ ಯಾವುದು ಕೂರುತ್ತದೆ ಎಂಬುದನ್ನು ಮಾರ್ಕರಿನಿಂದ ಬರೆದು, ಚಾಸಿಯ ಕೊಳವೆ ಎಲ್ಲಿ ಬರುತ್ತದೆಂದು ತಗಡಿನ ಹಿಂಬದಿಯಲ್ಲಿ ಗೆರೆ ಎಳೆಯಿರಿ. ಎರಡು ಗೆರೆಗಳ ನಡುಮಧ್ಯದಲ್ಲಿ 50ರಿಂದ 75 ಮಿಲಿಮೀಟರಿಗೊಂದು ತೂತಿನಂತೆ ಗುರುತಿಸಿ ಕೊರೆದರೆ ರಿವೆಟ್ಟುಗಳು ಕೊಳವೆಯ ಅಂಚಿಗೆ ಬೀಳುವುದಿಲ್ಲ, ಸಾಲೂ ನೇರವಾಗಿರುತ್ತದೆ. ಸಾಮಾನ್ಯವಾಗಿ ಬಳಸುವುದು 3.2 ಮಿಲಿಮೀಟರ್ ರಿವೆಟ್ಟು. ಕೊರೆದ ಕೂಡಲೇ ರಿವೆಟ್ ಹೊಡೆಯದೆ, ಕ್ಲೆಕೊ ಎಂಬ ಸ್ಪ್ರಿಂಗ್ ಕ್ಲಿಪ್ಪುಗಳಿಂದ ಹಿಡಿಸಿ ಎಲ್ಲ ತಗಡುಗಳೂ ಒಂದಕ್ಕೊಂದು ಹೊಂದುವುದನ್ನು ನೋಡಬೇಕು.

ಇಲ್ಲಿ ತಾಳ್ಮೆ ಬೇಕು. ತಗಡನ್ನು ಕಾಯಂ ಆಗಿ ಹೊಡೆದುಬಿಟ್ಟರೆ ಬ್ರೇಕಿನ ಪೈಪು, ಇಂಧನದ ಪೈಪು, ವೈರಿನ ಕಟ್ಟು, ಹ್ಯಾಂಡ್ ಬ್ರೇಕಿನ ಕೇಬಲ್ ಇವುಗಳನ್ನು ಹಾಯಿಸಲು ಕೈ ಹೋಗುವುದಿಲ್ಲ. ಆದ್ದರಿಂದ ಕೆಲವು ತಗಡುಗಳನ್ನು, ವಿಶೇಷವಾಗಿ ಡಿಕ್ಕಿಯ ಹಾಗೂ ಕಾಲಿನ ಜಾಗದ ಮೇಲ್ಭಾಗದವನ್ನು, ಬಹಳ ಕಾಲ ಬರೀ ಕ್ಲಿಪ್ಪಿನಲ್ಲೇ ಬಿಡಬೇಕು. ಮುಂದೆ ರಿಪೇರಿಗೆ ತೆಗೆಯಬೇಕಾಗಬಹುದೆನಿಸುವ ತಗಡಿಗೆ ರಿವೆಟ್ಟಿನ ಬದಲು ಸಣ್ಣ ತಿರುಪುಗಳನ್ನು ಬಳಸುವುದು ಜಾಣತನ. ಕೊನೆಗೆ ಹೊಡೆಯುವಾಗ ತಗಡಿಗೂ ಕೊಳವೆಗೂ ನಡುವೆ ಸಿಲಿಕೋನ್ ಅಂಟಿನ ತೆಳ್ಳನೆಯ ಗೆರೆ ಹಾಕಬೇಕು; ಅದು ನೀರನ್ನೂ ಗಡಗಡ ಸದ್ದನ್ನೂ ತಡೆಯುತ್ತದೆ, ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ನೇರವಾಗಿ ತಾಗಿದಾಗ ಆಗುವ ಸವಕಳಿಯನ್ನೂ ತಡೆಯುತ್ತದೆ.

ಸಸ್ಪೆನ್ಷನ್ ಮತ್ತು ಸ್ಟೀರಿಂಗ್

ಸಸ್ಪೆನ್ಷನ್ನಿನ ತೋಳುಗಳು ಕೈಪಿಡಿಯ ಚಿತ್ರದಂತೆ ಕೂರುವುದು ಬೇಗ ಆಗುತ್ತದೆ, ಮತ್ತು ಕಾರಿನ ರೂಪ ಮೂಡತೊಡಗುವುದರಿಂದ ಖುಷಿಯೂ ಆಗುತ್ತದೆ. ಆದರೆ ರಬ್ಬರ್ ಬುಷ್‌ಗಳಿರುವ ಕಡೆ ಬೋಲ್ಟನ್ನು ಸ್ಟ್ಯಾಂಡಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು. ತೋಳು ಕೆಳಗೆ ಜೋತಿರುವಾಗ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಸರಿಯಾಗಿ ನಿಲ್ಲುವುದಿಲ್ಲ. ಆದ್ದರಿಂದ ಕಡೆಯ ಬಿಗಿತ ಕಾರಿನ ತೂಕ ಚಕ್ರಗಳ ಮೇಲೆ ಬಿದ್ದ ಮೇಲೇ. ನೈಲಾನ್ ಉಂಗುರದ ನಟ್ಟುಗಳನ್ನು ಕಡೆಯ ಜೋಡಣೆಯಲ್ಲಿ ಹೊಸದಾಗಿ ಹಾಕಬೇಕು. ಮೊದಲ ಜೋಡಣೆಗೆ ಸಾದಾ ನಟ್ಟು ಸಾಕು. ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿದ ಪ್ರತಿಯೊಂದು ಬೋಲ್ಟಿನ ಮೇಲೂ ನಟ್ಟಿನಿಂದ ಲೋಹದವರೆಗೆ ಬಣ್ಣದ ಗೆರೆ ಎಳೆದರೆ, ಬಿಗಿದದ್ದು ಯಾವುದು ಉಳಿದದ್ದು ಯಾವುದು ಎಂಬ ಅನುಮಾನ ಇರುವುದಿಲ್ಲ, ಮುಂದೆ ಸಡಿಲವಾದರೆ ಗೆರೆ ಮುರಿದದ್ದು ಕಣ್ಣಿಗೇ ಬೀಳುತ್ತದೆ. ಎಣ್ಣೆ ಹಚ್ಚಿದ ಬೋಲ್ಟು ಅದೇ ಟಾರ್ಕಿಗೆ ಒಣ ಬೋಲ್ಟಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ; ಕೈಪಿಡಿ ಯಾವುದನ್ನು ಹೇಳಿದೆಯೆಂದು ನೋಡಿಕೊಳ್ಳಬೇಕು.

ಸ್ಟೀರಿಂಗ್ ಶಾಫ್ಟಿನಲ್ಲಿ ಓರೆಯಲ್ಲೂ ತಿರುಗುವ ಎರಡು ಯೂನಿವರ್ಸಲ್ ಜಾಯಿಂಟುಗಳಿದ್ದರೆ ನಡುವಿನ ತುಂಡಿನ ಎರಡೂ ಕವಲುಗಳು ಹೊಂದಾಣಿಕೆಯಲ್ಲಿರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಚಕ್ರ ತಿರುಗಿಸುವಾಗ ಒಂದು ಕಡೆ ಹಗುರ, ಇನ್ನೊಂದು ಕಡೆ ಬಿಗಿ ಎನಿಸುತ್ತದೆ. ಶಾಫ್ಟನ್ನು ಹಿಡಿಯುವ ಬೋಲ್ಟು ಶಾಫ್ಟಿನ ಹಳ್ಳದಲ್ಲೇ ಕೂತಿದೆಯೇ ಎಂದು ಬೆರಳಿಟ್ಟು ನೋಡಿ. ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಚಕ್ರವನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, ಟೈರು ಅಥವಾ ಬ್ರೇಕಿನ ರಬ್ಬರ್ ಪೈಪು ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಬ್ರೇಕು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಇದು. ಬ್ರೇಕಿನ ಲೋಹದ ಪೈಪು ಸಾಮಾನ್ಯವಾಗಿ 4.75 ಮಿಲಿಮೀಟರ್ ಹೊರವ್ಯಾಸದ್ದು. ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪು ಸುಲಭವಾಗಿ ಬಾಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಮೊದಲು ಗಟ್ಟಿ ತಂತಿಯೊಂದನ್ನು ಪೈಪು ಹೋಗಬೇಕಾದ ದಾರಿಯಲ್ಲಿ ಬಾಗಿಸಿ ಅಚ್ಚು ಮಾಡಿಕೊಂಡು, ಅದನ್ನು ನೋಡಿ ಪೈಪನ್ನು ಬಾಗಿಸಬೇಕು. ತುದಿ ಅರಳಿಸುವ ಮೊದಲು ನಟ್ಟನ್ನು ಪೈಪಿಗೆ ಪೋಣಿಸಲು ಮರೆಯಬಾರದು. ಅರಳಿಸುವ ಬಗೆಗಳು ಒಂದೇ ಅಲ್ಲ: 45 ಡಿಗ್ರಿಯ ಇಮ್ಮಡಿ ಮಡಿಕೆಯ ತುದಿ, ಗುಳ್ಳೆಯಾಕಾರದ ತುದಿ, ರೇಸಿಂಗ್ ಭಾಗಗಳಲ್ಲಿ ಬರುವ 37 ಡಿಗ್ರಿಯ ತುದಿ. ಇವು ಒಂದಕ್ಕೊಂದು ಹೊಂದುವುದಿಲ್ಲ. ತಿರುಪು ಹೊಂದಿ ನಟ್ಟು ಬಿಗಿಯಾಯಿತೆಂದ ಮಾತ್ರಕ್ಕೆ ಒಳಗಿನ ಮುಖಗಳು ಕೂತವೆಂದು ಅರ್ಥವಲ್ಲ, ಆ ಜೋಡಣೆ ಒತ್ತಡ ಬಿದ್ದಾಗ ಸೋರುತ್ತದೆ.

ಪೈಪನ್ನು ಸೈಲೆನ್ಸರಿನ ಬಿಸಿಯಿಂದ ದೂರವಿಟ್ಟು, 20ರಿಂದ 30 ಸೆಂಟಿಮೀಟರಿಗೊಂದು ಕ್ಲಿಪ್ಪು ಹಾಕಿ ಚಾಸಿಗೆ ಹಿಡಿಸಿ. ಚಕ್ರದ ಕಡೆಗೆ ಹೋಗುವ ಮೆದು ಪೈಪು ಚಕ್ರ ಪೂರ್ತಿ ಜೋತಾಗ ಎಳೆದಂತೆ ಬಿಗಿಯಾಗಬಾರದು, ತಿರುಚಿಕೊಳ್ಳಲೂಬಾರದು. ಚಕ್ರದ ಬಳಿ ಬ್ರೇಕ್ ಹಿಡಿಯುವ ಕ್ಯಾಲಿಪರುಗಳನ್ನು ಜೋಡಿಸುವಾಗ ಗಾಳಿ ಬಿಡುವ ನಿಪ್ಪಲ್ ಮೇಲ್ತುದಿಯಲ್ಲೇ ಬರಬೇಕು. ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹೋದರೆ ನಿಪ್ಪಲ್ ಕೆಳಗೆ ಬಂದು, ಎಷ್ಟು ಹೊತ್ತು ಪೆಡಲ್ ಒತ್ತಿದರೂ ಒಳಗಿನ ಗಾಳಿ ಹೊರಬರುವುದಿಲ್ಲ. ಎಣ್ಣೆ ತುಂಬಿದ ಮೇಲೆ, ಪೆಡಲಿನ ಒತ್ತನ್ನು ಎಣ್ಣೆಗೆ ಕೊಡುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರಕ್ಕೆ ಬರುತ್ತಾ ಗಾಳಿ ತೆಗೆಯುವುದು ರೂಢಿ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಎಣ್ಣೆ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವವನ್ನು ಹೀರಿಕೊಂಡಂತೆ ಈ ಮಟ್ಟ ಇಳಿಯುತ್ತದೆ, ತೇವಗೊಂಡ ಎಣ್ಣೆಗೆ ಗೊತ್ತುಪಡಿಸಿದ ಕನಿಷ್ಠ ಮಟ್ಟ 155 ಡಿಗ್ರಿ. ಹಾಗಾಗಿ ಬಾಯಿ ತೆರೆದು ಬಹಳ ದಿನವಾದ ಡಬ್ಬಿಯ ಎಣ್ಣೆ ಬೇಡ. ಬ್ರೇಕ್ ಎಣ್ಣೆ ಬಣ್ಣವನ್ನೂ ಕಿತ್ತು ಹಾಕುತ್ತದೆ, ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು. ಸಿಲಿಕೋನ್ ಆಧಾರದ ಡಾಟ್ 5 ಇದರ ಜೊತೆ ಬೆರೆಯಬಾರದು.

ಈ ಕಾರುಗಳಲ್ಲಿ ಬಹಳ ಸಲ ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಮಾಸ್ಟರ್ ಸಿಲಿಂಡರ್ ಇದ್ದು, ನಡುವೆ ಒತ್ತಡ ಹಂಚುವ ದಂಡವಿರುತ್ತದೆ. ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಆದ್ದರಿಂದ ಮುಂದಿನವು ಸ್ವಲ್ಪ ಮೊದಲು ಕಚ್ಚುವಂತೆ ದಂಡವನ್ನು ಹೊಂದಿಸಿ, ಮುಚ್ಚಿದ ಜಾಗದಲ್ಲಿ ಕಡಿಮೆ ವೇಗದಲ್ಲಿ ಪರೀಕ್ಷಿಸಿ, ನಟ್ಟನ್ನು ಬಿಗಿದು ಬಿಡಬೇಕು. ಪೈಪುಗಳ ಕೆಲಸ ಮುಗಿದ ಮೇಲೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ, ಮರುದಿನ ಮತ್ತೊಮ್ಮೆ ನೋಡಬೇಕು. ಬ್ರೇಕಿನ ಕೆಲಸ ತಿಳಿದ ಮೆಕ್ಯಾನಿಕ್ಕೊಬ್ಬರಿಗೆ ಹಣ ಕೊಟ್ಟು ತೋರಿಸಿಕೊಂಡರೆ ಅದು ಒಳ್ಳೆಯ ಖರ್ಚು.

ಎಂಜಿನ್, ಗೇರ್‌ಬಾಕ್ಸ್, ಇಂಧನ

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೆಲದ ಮೇಲೆಯೇ ಜೋಡಿಸಿ ಒಟ್ಟಿಗೆ ಚಾಸಿಗೆ ಇಳಿಸುವುದು ಸುಲಭ. ಗೇರ್‌ಬಾಕ್ಸ್ ಕೈಯಿಂದ ತಳ್ಳಿದಾಗ ಎಂಜಿನ್ನಿಗೆ ಪೂರ್ತಿ ಅಂಟಿ ನಿಲ್ಲಬೇಕು. ಒಂದು ಬೆರಳಿನಷ್ಟು ಸಂದು ಉಳಿದರೆ ಬೋಲ್ಟು ಬಿಗಿದು ಎಳೆದುಕೊಳ್ಳಲು ಹೋಗಬಾರದು. ಕ್ಲಚ್ ಪ್ಲೇಟು ನಡುಮಧ್ಯಕ್ಕಿಲ್ಲ, ಅಥವಾ ಶಾಫ್ಟಿನ ತುದಿ ಬೇರಿಂಗಿಗೆ ತಾಗಿದೆ ಎಂದು ಅರ್ಥ, ಎಳೆದರೆ ಗೇರ್‌ಬಾಕ್ಸಿನ ಕಿವಿ ಮುರಿಯುತ್ತದೆ. ಇಳಿಸುವಾಗ ಮುಂಭಾಗ ಮೇಲೆ, ಹಿಂಭಾಗ ಕೆಳಗೆ ವಾಲುವಂತೆ ಹಿಡಿಯುವ ತಿರುಪಿನ ಸಾಧನ ಹಾಯಿಸ್ಟಿಗೆ ಸಿಕ್ಕಿಸಿರಬೇಕು, ಮತ್ತು ಕೆಳಗೆ ಯಾರ ಕೈಕಾಲೂ ಇರಬಾರದು.

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ಕಡೆಯ ಕೋನಗಳನ್ನು ಅಳೆಯಿರಿ. ಗೇರ್‌ಬಾಕ್ಸಿನ ಹೊರಶಾಫ್ಟೂ ಹಿಂದಿನ ಡಿಫರೆನ್ಷಿಯಲ್ಲಿನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಒಂದು ಜಾಯಿಂಟಿನ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಜಾಯಿಂಟಿನ ಕೋನ ಸುಮಾರು 3 ಡಿಗ್ರಿ ಮೀರದಿದ್ದರೆ ವಾಸಿ. ಪೂರ್ತಿ ಸೊನ್ನೆಯೂ ಒಳ್ಳೆಯದಲ್ಲ, ಆಗ ಒಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಕಡೆ ಸವೆಯುತ್ತವೆ. ವೇಗದಲ್ಲಿ ಕಾರು ನಡುಗುವುದಕ್ಕೆ ಚಕ್ರಗಳ ಸಮತೋಲವನ್ನೇ ಎಲ್ಲರೂ ಮೊದಲು ಶಂಕಿಸುತ್ತಾರೆ, ಕಾರಣ ಬಹಳ ಸಲ ಈ ಕೋನದಲ್ಲಿರುತ್ತದೆ.

ಇಂಧನದ ವ್ಯವಸ್ಥೆಯಲ್ಲಿ ಒತ್ತಡವನ್ನು ತಿಳಿದಿರಬೇಕು. ಕಾರ್ಬ್ಯುರೇಟರಿಗೆ ಅರ್ಧ ಬಾರ್‌ಗಿಂತ ಕಡಿಮೆ ಒತ್ತಡ ಸಾಕು, ಇಂಧನ ಇಂಜೆಕ್ಷನ್ನಿಗೆ 3ರಿಂದ 4 ಬಾರ್ ಬೇಕು. ಮೊದಲನೆಯದಕ್ಕೆ ಸಾಕಾಗುವ ರಬ್ಬರ್ ಪೈಪು ಮತ್ತು ಕ್ಲಿಪ್ಪು ಎರಡನೆಯದಕ್ಕೆ ಸಲ್ಲವು. ಟ್ಯಾಂಕಿಗೆ ಗಾಳಿಯ ದಾರಿ ಇರಬೇಕು, ಮತ್ತು ಕಾರು ಮಗುಚಿದರೆ ಆ ದಾರಿ ಮುಚ್ಚಿಕೊಳ್ಳುವಂಥ ವಾಲ್ವು ಇರಬೇಕು.

ವೈರಿಂಗ್

ಕಬ್ಬಿಣದ ಬಾಡಿಯ ಕಾರಿನಲ್ಲಿ ಬಲ್ಬಿನ ಒಂದು ತಂತಿಯನ್ನು ಹತ್ತಿರದ ಬಾಡಿಗೆ ತಾಗಿಸಿದರೆ ಅರ್ಥ್, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ, ಸಿಗುತ್ತದೆ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಪ್ರತಿಯೊಂದು ದೀಪಕ್ಕೂ, ಹಾರ್ನಿಗೂ, ಟ್ಯಾಂಕಿನ ಅಳತೆಯ ಸಾಧನಕ್ಕೂ ಅರ್ಥ್ ತಂತಿಯನ್ನು ಬೇರೆಯಾಗಿ ಚಾಸಿಯವರೆಗೆ ತರಬೇಕು. ಚಾಸಿಯ ಮೇಲಿನ ಪೌಡರ್ ಬಣ್ಣವೂ ವಿದ್ಯುತ್ತನ್ನು ತಡೆಯುವುದರಿಂದ ಅರ್ಥ್ ಬೋಲ್ಟಿನ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸು ಹಚ್ಚಬೇಕು. ಅರ್ಥ್‌ಗಾಗಿ ಬ್ಯಾಟರಿಯಿಂದ ಚಾಸಿಗೆ ಒಂದು ದಪ್ಪ ಕೇಬಲ್, ಎಂಜಿನ್ನಿನಿಂದ ಚಾಸಿಗೆ ಇನ್ನೊಂದು. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಈ ಎರಡನೆಯದನ್ನು ಬಿಟ್ಟರೆ ಸ್ಟಾರ್ಟರಿನ ವಿದ್ಯುತ್ತು ಆಕ್ಸಿಲರೇಟರಿನ ಕೇಬಲ್ಲಿನಂಥ ಅಡ್ಡದಾರಿ ಹುಡುಕಿ ಅದನ್ನು ಸುಟ್ಟುಹಾಕುತ್ತದೆ. ಹೊಸದಾಗಿ ಕಟ್ಟಿದ ಕಾರುಗಳಲ್ಲಿ ಕಾಣುವ ವಿಚಿತ್ರ ತೊಂದರೆಗಳಲ್ಲಿ, ಬಲಗಡೆಯ ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಿಣುಕುವುದು, ಪೆಟ್ರೋಲಿನ ಮುಳ್ಳು ಕುಣಿಯುವುದು ಇಂಥವುಗಳಲ್ಲಿ, ಹೆಚ್ಚಿನವು ಕೆಟ್ಟ ಅರ್ಥಿನಿಂದಲೇ ಹುಟ್ಟುತ್ತವೆ.

ಕಿಟ್‌ನ ವೈರ್ ಕಟ್ಟನ್ನು ಮೊದಲು ನೆಲದ ಮೇಲೆ ಹರಡಿ, ಬ್ಯಾಟರಿ ಕೊಟ್ಟು, ಒಂದೊಂದು ದೀಪವನ್ನೂ ಸ್ವಿಚ್ಚನ್ನೂ ಅಲ್ಲಿಯೇ ಪರೀಕ್ಷಿಸಿದರೆ ಮುಂದಿನ ಅರ್ಧ ಚಿಂತೆ ಕಳೆಯುತ್ತದೆ. ತಗಡಿನ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ರಬ್ಬರಿನ ಉಂಗುರ ಬೇಕು. ಬ್ಯಾಟರಿಯನ್ನು ಒಂದೇ ತಿರುವಿಗೆ ಬೇರ್ಪಡಿಸುವ ಸ್ವಿಚ್ಚನ್ನು ಕೈಗೆಟುಕುವಲ್ಲಿ ಇಡಿ.

ಮೊದಲ ಚಾಲನೆ

ಎಂಜಿನ್ನಿನಲ್ಲಿ ಎಣ್ಣೆ ಎಲ್ಲ ಕಡೆ ತಲುಪಿದ ಮೇಲೆಯೇ ಅದು ಉರಿಯಬೇಕು. ಹಳೆಯ ಮಾದರಿಯ ವಿ8 ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದು ಆ ತೂತಿನ ಮೂಲಕ ಡ್ರಿಲ್ಲಿನಿಂದ ಎಣ್ಣೆಯ ಪಂಪನ್ನು ತಿರುಗಿಸಬಹುದು. ಉಳಿದವುಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಇಂಧನ ನಿಲ್ಲಿಸಿ, ಮೀಟರಿನಲ್ಲಿ ಎಣ್ಣೆಯ ಒತ್ತಡ ಕಾಣುವವರೆಗೆ ಸ್ಟಾರ್ಟರನ್ನು ತಡೆತಡೆದು ತಿರುಗಿಸಬೇಕು. ರೇಡಿಯೇಟರಿನ ನೀರು ತುಂಬುವ ಬಾಯಿ ವ್ಯವಸ್ಥೆಯ ಅತಿ ಎತ್ತರದ ಜಾಗವಾಗಿದ್ದರೆ ಗಾಳಿ ತಾನಾಗಿ ಹೊರಬರುತ್ತದೆ. ಇಲ್ಲದಿದ್ದರೆ ಕಾರಿನ ಮುಂಭಾಗ ಎತ್ತಿ ತುಂಬಬೇಕು. ಬಾಗಿಲು ಪೂರ್ತಿ ತೆರೆದಿರಲಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಬೆಂಕಿ ನಂದಿಸುವ ಸಿಲಿಂಡರನ್ನು ಹಿಡಿದು ಇನ್ನೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಕೆಲವು ಸೆಕೆಂಡುಗಳಲ್ಲಿ ಎಣ್ಣೆಯ ಒತ್ತಡ ಏಳದಿದ್ದರೆ ಕೂಡಲೇ ನಿಲ್ಲಿಸಿ. ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಹೊಸದಾಗಿದ್ದು, ಅದು ಒತ್ತುವ ಟ್ಯಾಪೆಟ್ಟುಗಳು ಚಪ್ಪಟೆಯಾಗಿದ್ದರೆ ಮೊದಲ ಸುಮಾರು 20 ನಿಮಿಷ ನಿಮಿಷಕ್ಕೆ 2000 ಸುತ್ತಿಗಿಂತ ಕೆಳಗೆ ಬಿಡದೆ ಓಡಿಸುವುದು ಪದ್ಧತಿ, ಇಲ್ಲದಿದ್ದರೆ ಕ್ಯಾಮಿನ ಮುಖ ಸವೆದುಹೋಗುತ್ತದೆ. ರೋಲರ್ ಟ್ಯಾಪೆಟ್ಟಿಗೆ ಇದು ಬೇಕಿಲ್ಲ.

ಈ ಹಂತದಲ್ಲಿ ಬಾಡಿಯಿಲ್ಲದ ಚಾಸಿಯನ್ನು ಖಾಸಗಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡುವುದು ಬಹಳ ಉಪಯುಕ್ತ. ಸೋರಿಕೆ, ತಾಗಾಟ, ಕ್ಲಚ್ಚಿನ ಹೊಂದಾಣಿಕೆ ಎಲ್ಲವೂ ಕೈಗೆ ಸಿಗುವಂತಿರುವಾಗಲೇ ತಿಳಿಯುತ್ತದೆ. ಸೀಟು ಮತ್ತು ಬೆಲ್ಟು ಮಾತ್ರ ಪೂರ್ತಿ ಬಿಗಿದಿರಬೇಕು. ಚಕ್ರಗಳ ಕೋನವನ್ನು ದಾರ ಕಟ್ಟಿ ಅಳೆದು ಮನೆಯಲ್ಲೇ ಒಂದು ಮಟ್ಟಕ್ಕೆ ತರಬಹುದು, ಆಗ ಓಡಿಸುವವರ ತೂಕದಷ್ಟು ಭಾರವನ್ನು ಸೀಟಿನ ಮೇಲಿಟ್ಟಿರಬೇಕು. ಕಡೆಯ ಅಳತೆ ಯಂತ್ರದಲ್ಲೇ ಆಗಲಿ.

ಬಾಡಿ ಮತ್ತು ಬಣ್ಣ

ಬಾಡಿಯನ್ನು ಚಾಸಿಯ ಮೇಲೆ ಕೂರಿಸಿ, ಬೋಲ್ಟುಗಳಿಂದ ಅದರ ಕಡೆಯ ಜಾಗದಲ್ಲಿ ಹಿಡಿಸಿದ ಮೇಲೆಯೇ ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳಗಳನ್ನು ಹೊಂದಿಸಬೇಕು. ಬಾಗಿಲಿನ ರಬ್ಬರ್ ಪಟ್ಟಿಯನ್ನು ಅಂಟಿಸಿಯೇ ಸಂದು ನೋಡುವುದು ಮುಖ್ಯ. ರಬ್ಬರಿಲ್ಲದೆ ಹೊಂದಿಸಿದ ಬಾಗಿಲು ಬಣ್ಣವಾದ ಮೇಲೆ ರಬ್ಬರ್ ಹಾಕಿದಾಗ ಹೊರಕ್ಕೆ ಉಬ್ಬಿ ನಿಲ್ಲುತ್ತದೆ. ಮೊದಲು ಹಿಂಜುಗಳಿಂದ ಎಷ್ಟು ಸಾಧ್ಯವೋ ಅಷ್ಟು ಸರಿಪಡಿಸಿ, ಉಳಿದುದನ್ನು ಮಾತ್ರ ಉಜ್ಜಿಯೋ ತುಂಬಿಯೋ 4ರಿಂದ 5 ಮಿಲಿಮೀಟರಿನ ಸಮಸಂದಿಗೆ ತರಬೇಕು. ಬಣ್ಣದ ಪದರಗಳೂ ಸಂದನ್ನು ಕಿರಿದು ಮಾಡುತ್ತವೆ.

ಅಚ್ಚಿನ ಎರಡು ತುಂಡುಗಳು ಕೂಡುವಲ್ಲಿ ಬಾಡಿಯ ಮೇಲೆ ಉಬ್ಬುಗೆರೆ ಇರುತ್ತದೆ. ಅದನ್ನು ಉಜ್ಜಿದಾಗ ಒಳಗೆ ಗಾಳಿಗುಳ್ಳೆಗಳು ಕಾಣಬಹುದು, ಅವನ್ನು ತೆರೆದು ಫೈಬರ್‌ಗ್ಲಾಸಿಗೆ ತಕ್ಕ ಪುಟ್ಟಿಯಿಂದ ತುಂಬದಿದ್ದರೆ ಬಿಸಿಲಿಗೆ ಬಣ್ಣದ ಕೆಳಗೆ ಗುಳ್ಳೆಗಳಾಗಿ ಏಳುತ್ತವೆ. ಹೊಸ ಫೈಬರ್‌ಗ್ಲಾಸ್ ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಇರುತ್ತದೆ. ಬಣ್ಣಕ್ಕೆ ಮೊದಲು ಬಾಡಿಯನ್ನು, ಚಾಸಿಯ ಮೇಲೆ ಹಿಡಿಸಿದ ಸ್ಥಿತಿಯಲ್ಲೇ, ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಆಗಬೇಕಾದ ಕುಗ್ಗುವಿಕೆ ಬಹುಪಾಲು ಆಗ ಆಗಿಬಿಡುತ್ತದೆ. ಬಳಿಕ ಉದ್ದನೆಯ ಪಟ್ಟಿಗೆ ಉಪ್ಪುಕಾಗದ ಅಂಟಿಸಿ ಓರೆಯಾಗಿ ಉಜ್ಜಬೇಕು, ಬರಿಗೈಯಿಂದ ಉಜ್ಜಿದರೆ ಬೆರಳುಗಳ ಅಲೆ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಫೈಬರ್‌ಗ್ಲಾಸಿನ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ಸೋಸುವ ಮಾಸ್ಕು, ತುಂಬುತೋಳಿನ ಅಂಗಿ, ಕನ್ನಡಕ ಬೇಕು. ಈಗಿನ ಎರಡು ಭಾಗದ ಬಣ್ಣಗಳಲ್ಲಿರುವ ಐಸೊಸಯನೇಟ್ ಇನ್ನೂ ಅಪಾಯಕಾರಿ, ಅದನ್ನು ಹೊರಗಿನ ಗಾಳಿ ಪೂರೈಸುವ ಮುಖವಾಡವಿಲ್ಲದೆ ಹೊಡೆಯಬಾರದು. ಹೀಗಾಗಿ ಕಡೆಯ ಬಣ್ಣವನ್ನು ಬೂತ್ ಇರುವ ವೃತ್ತಿಪರರಿಗೆ ಬಿಡುವುದೇ ಮೇಲು. ಒಳಗಿನ ಕಾರ್ಪೆಟ್ಟು, ಸೀಟು, ಗಾಜು, ಲಾಂಛನಗಳ ಕೆಲಸಕ್ಕೆ ವಿಶೇಷ ಕಷ್ಟವಿಲ್ಲ. ಗಾಜಿನ ಚೌಕಟ್ಟನ್ನು ಮಾತ್ರ ಬಲವಂತವಾಗಿ ಬಗ್ಗಿಸಿ ಬಿಗಿಯಬಾರದು, ಗಾಜು ಅಂದೇ ಅಲ್ಲದಿದ್ದರೆ ಮುಂದೊಂದು ದಿನ ಸೀಳುತ್ತದೆ.

ನೋಂದಣಿ ಮುಗಿದು ಕಾರು ರಸ್ತೆಗಿಳಿದ ಮೇಲೆ ಮೊದಲ 100 ಕಿಲೋಮೀಟರಿನೊಳಗೆ ಅದನ್ನು ಮತ್ತೆ ಸ್ಟ್ಯಾಂಡಿಗೆ ಏರಿಸಿ. ಬಣ್ಣದ ಗೆರೆ ಎಳೆದ ಪ್ರತಿಯೊಂದು ಬೋಲ್ಟನ್ನೂ ದೀಪ ಹಿಡಿದು ನೋಡಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿದು, ಬ್ರೇಕಿನ ಜೋಡಣೆಗಳನ್ನು ಒರೆಸಿ ತೇವವಿದೆಯೇ ಎಂದು ಪರೀಕ್ಷಿಸಿ, ಎಂಜಿನ್ನಿನ ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ. ತೆಗೆದ ಫಿಲ್ಟರನ್ನು ಕತ್ತರಿಸಿ ಒಳಗಿನ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡಬೇಕು. ಅಲ್ಪಸ್ವಲ್ಪ ನಯವಾದ ಪುಡಿ ಹೊಸ ಎಂಜಿನ್ನಿಗೆ ಸಹಜ. ಕೈಗೆ ಚುಚ್ಚುವ ಚೂರುಗಳಿದ್ದರೆ ಕಾರಣ ತಿಳಿಯುವವರೆಗೆ ಎಂಜಿನ್ನನ್ನು ಚಾಲೂ ಮಾಡಬಾರದು. ಇದೇ ತಪಾಸಣೆಯನ್ನು 500 ಹಾಗೂ 1000 ಕಿಲೋಮೀಟರಿಗೆ ಮತ್ತೆ ಮಾಡಿ, ಅದರ ತಾರೀಖನ್ನೂ ಕಂಡದ್ದನ್ನೂ ಕಾರಿನ ಕಡತದಲ್ಲಿ ಬರೆದಿಡಿ.